ಉಗುರಪ್ಪನ ಕಚೇರಿ

ಎಡವಟ್ಟೆಲ್ಲ ಶುರುವಾದದ್ದು ಒಂದು ಬಿಸ್ಕತ್ತಿನ ಡಬ್ಬಿಯಿಂದ. ಬೆಳಿಗ್ಗೆ ಹೆಂಡತಿ, "ರೀ, ಈ ಮುಚ್ಚಳ ತೆಗೆದುಕೊಡಿ" ಎಂದಳು. ಬೇರೆ ದಿನವಾಗಿದ್ದರೆ ಉಗುರಪ್ಪ ಮಾರು ದೂರ ಹಾರುತ್ತಿದ್ದ. ಇಂದು ಸಂಜೆಯ ಕಚೇರಿಯ ಖುಷಿಯಲ್ಲಿ ಮೈಮರೆತು ಸಂದಿಗೆ ಹೆಬ್ಬೆರಳು ತೂರಿಸಿದ. ಟಕ್ ಎಂದಿತು. ಕಿತ್ತು ಬಂದದ್ದು ಮುಚ್ಚಳವಲ್ಲ, ಉಗುರು.

ನೀರಿನ ತೆರಿಗೆ ಕಚೇರಿಯ ಈ ಗುಮಾಸ್ತನನ್ನು ಜೊತೆಯವರು ಕರೆಯುತ್ತಿದ್ದದ್ದೇ ಉಗುರಪ್ಪ ಎಂದು. ಊರಿನ ಗಿಟಾರ್ ಮೇಷ್ಟ್ರ ಹಾಗೆ ಉಗುರಿನಿಂದಲೇ ತಂತಿ ಮೀಟಬೇಕೆಂದು ಎಂಟು ತಿಂಗಳಿಂದ ಬಲಗೈಯ ನಾಲ್ಕು ಉಗುರುಗಳನ್ನು ಮಕ್ಕಳಂತೆ ಸಾಕಿದ್ದ. ಹದಿನೇಳನೆಯ ವಯಸ್ಸಿನಲ್ಲಿ ಕ್ಷೌರದಂಗಡಿಯ ರೇಡಿಯೋದಲ್ಲಿ ಮೇಷ್ಟ್ರು ನುಡಿಸಿದ್ದನ್ನು ಕೇಳಿ, ಅರ್ಧ ಕತ್ತರಿಸಿದ ಕೂದಲಲ್ಲೇ ಗಿಟಾರ್ ಬೆಲೆ ಕೇಳಲು ಓಡಿದವನು ಅವನು. ಅವನೊಬ್ಬನೇ ಏನಲ್ಲ. ಊರಿನಲ್ಲಿ ಗಿಟಾರ್ ಮುಟ್ಟಿದವರ ಮೇಲೆಲ್ಲ ಮೇಷ್ಟ್ರ ನೆರಳಿತ್ತು. ತಪ್ಪು ನುಡಿಸುವವರೂ ಅವರಂತೆಯೇ ಕಣ್ಣು ಮುಚ್ಚಿಕೊಂಡು ತಪ್ಪು ನುಡಿಸುತ್ತಿದ್ದರು. ಆದರೆ ಮೇಷ್ಟ್ರು ನಾಲ್ಕು ವರ್ಷದಿಂದ ನುಡಿಸುವುದನ್ನೇ ಬಿಟ್ಟಿದ್ದರು. ಏಕೆಂದು ಯಾರಿಗೂ ಗೊತ್ತಿರಲಿಲ್ಲ. ಇಂದು ಅವರಿಗೆ ಎಂಬತ್ತು ತುಂಬುತ್ತಿತ್ತು. ಸಂಜೆ ಗ್ರಂಥಾಲಯದ ಸಭಾಂಗಣದಲ್ಲಿ ಅವರೆದುರಿಗೇ ಐವರು ಅಭಿಮಾನಿಗಳು ನುಡಿಸಬೇಕು. ಐದನೆಯವನು ಉಗುರಪ್ಪ.

"ಇನ್ನೂ ಮೂರಿದೆಯಲ್ರೀ, ಬಿಡಿ" ಎಂದು ಹೆಂಡತಿ ಸಮಾಧಾನ ಹೇಳಿ ಕಳಿಸಿದಳು.

ಕಚೇರಿಯಲ್ಲಿ ಅವನು ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಏನಯ್ಯ, ಕದ್ದ ಮಾಲಿನ ಹಾಗೆ ಕೈ ಬಚ್ಚಿಟ್ಕೊಂಡಿದ್ದೀಯಲ್ಲ?" ಎನ್ನುತ್ತ ಹೆಡ್ ಕ್ಲರ್ಕ್ ಬೀರುವಿನಲ್ಲಿದ್ದ ಹಳೇ ಫೈಲು ಕೇಳಿದರು. ಎಡಗೈಗೆ ಬೀರುವಿನ ಬಾಗಿಲು ಜಗ್ಗಲಿಲ್ಲ. ಬಲಗೈ ಹಾಕಿದ್ದೇ ತಡ, ಬಾಗಿಲು ಬಡಿದು ತೋರುಬೆರಳಿನ ಉಗುರು ಸೀಳಿತು.

ಹೆಡ್ ಕ್ಲರ್ಕ್ ಕರುಣಾಳು. ಮೇಜಿನಿಂದ ನೇಲ್ ಕಟರ್ ತೆಗೆದರು. "ಹಾಗೇ ಬಿಟ್ರೆ ಬುಡದವರೆಗೂ ಸೀಳುತ್ತೆ ಕಣಯ್ಯ. ತುದಿ ಮಾತ್ರ ತೆಗೀತೀನಿ, ಕೈ ಕೊಡು."

"ಸಾರ್, ನಿಮ್ಮ ಕನ್ನಡಕ..."

"ನಿನ್ನ ಉಗುರಿಗೆ ಕನ್ನಡಕ ಬೇರೆ ಕೇಡು!" ಚಟಕ್! ಹೋದದ್ದು ಚೆನ್ನಾಗಿದ್ದ ನಡುಬೆರಳಿನದು. "ಅಯ್ಯೋ, ಅದಲ್ಲವೇನೋ?" ಎಂದು ಸೀಳಿದ್ದನ್ನೂ ತೆಗೆದರು. ಉಳಿದ ಒಂದನ್ನು ದೂರದಿಂದ ನೋಡಿ, "ಇದೊಂದೇ ಉದ್ದ ಇದ್ರೆ ಅಸಹ್ಯ" ಎಂದು ಅದನ್ನೂ ಮುಗಿಸಿದರು. ಉಗುರಪ್ಪನಿಗೆ ಉಳಿದದ್ದು ಬರೀ ಅಪ್ಪ.

ಐದು ಗಂಟೆಗೆ ಅವನು ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದನ್ನು ಕೆಳಮನೆಯ ಬ್ಯೂಟಿ ಪಾರ್ಲರ್ ಅಕ್ಕ ನೋಡಿದಳು. ಗಿಟಾರಿಗೂ ವೀಣೆಗೂ ವ್ಯತ್ಯಾಸ ಗೊತ್ತಿಲ್ಲದವಳು. ಕತೆ ಕೇಳಿ, "ಅಷ್ಟೇ ತಾನೆ ತಮ್ಮಾ? ಅಂಟಿಸಿದ್ರೆ ಆಯ್ತು" ಎಂದು ಕೃತಕ ಉಗುರುಗಳ ಪೆಟ್ಟಿಗೆ ತಂದಳು.

"ಅಕ್ಕಾ, ಇವು ಕೆಂಪಗಿವೆ!"

"ನಿಂಗೆ ಬೇಕಾಗಿರೋದು ಉಗುರೋ ಬಣ್ಣನೋ?"

ಅಂಟಿಸಿದಳು. ಬಿಚ್ಚಿಕೊಂಡರೆ ತನ್ನ ಹೆಸರು ಕೆಡುತ್ತದೆಂದು ಪೆಟ್ಟಿಗೆ ಹಿಡಿದು ಜೊತೆಗೂ ಬಂದಳು.

ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಐದನೆಯ ಸರದಿ ಬಂತು. ಕೆಂಪು ಉಗುರು ಕಂಡು ಯಾರೋ ಕಿಸಕ್ಕೆಂದರು. ಉಗುರಪ್ಪ ಕಣ್ಣು ಮುಚ್ಚಿ ಮೀಟಿದ. ಅವನಿಗೇ ನಂಬಲಾಗಲಿಲ್ಲ, ನಾದ ಗಂಟೆಯಂತೆ ಎದ್ದಿತು. ಕಿಸಕ್ಕೆಂದವರು ತೆಪ್ಪಗಾದರು. ಹುರುಪೇರಿ ವೇಗ ಹೆಚ್ಚಿಸಿದ. ತೋರುಬೆರಳಿನ ಉಗುರು ಚಂಗನೆ ಹಾರಿ ನೇರವಾಗಿ ಮೇಷ್ಟ್ರ ಮಡಿಲಿಗೆ ಬಿತ್ತು.

ಮೇಷ್ಟ್ರು ಅದನ್ನೆತ್ತಿ ಬೆಳಕಿಗೆ ಹಿಡಿದರು, ಕುರ್ಚಿಯ ಕೈಗೆ ತಟ್ಟಿ ನೋಡಿದರು, ಎದ್ದು ವೇದಿಕೆ ಹತ್ತಿದರು.

"ಇದನ್ನ ಮಾಡಿದ್ದು ಯಾರು?"

"ನಾನೇ ಸಾರ್... ತಪ್ಪಾಯ್ತಾ?" ಹಿಂದಿನ ಸಾಲಿನಿಂದ ಅಕ್ಕ ಎದ್ದಳು.

"ವಯಸ್ಸಾಗಿ ನನ್ನ ಉಗುರು ಕಾಗದದ ಹಾಗಾಗಿದೆ ಕಣಮ್ಮ. ತಂತಿ ತಾಗಿದ್ರೆ ಮಡಚ್ಕೊಳ್ಳುತ್ತೆ. ನಾಚಿಕೆಯಾಗಿ ಯಾರಿಗೂ ಹೇಳ್ಲಿಲ್ಲ, ನುಡಿಸೋದನ್ನೇ ಬಿಟ್ಟುಬಿಟ್ಟೆ. ನನಗೂ ಅಂಟಿಸ್ತೀಯಾ?"

ಅಕ್ಕ ಪೆಟ್ಟಿಗೆ ತೆರೆದಳು. ಅಂಟಿನ ಸೀಸೆ ಹಿಡಿಯುವ ಭಾಗ್ಯ ಉಗುರಪ್ಪನದಾಯಿತು. ಕಾಲು ಗಂಟೆಯ ನಂತರ ಮೇಷ್ಟ್ರು ಅವನ ಕುರ್ಚಿಯಲ್ಲಿ ಕೂತು, ಅವನ ಗಿಟಾರನ್ನೇ ಎತ್ತಿಕೊಂಡು, ಕೆಂಪು ಉಗುರುಗಳಿಂದ ಒಂದು ಗಂಟೆ ನುಡಿಸಿದರು. ನಾಲ್ಕು ವರ್ಷ ಒಳಗೇ ಇಟ್ಟುಕೊಂಡದ್ದೆಲ್ಲ ಹೊರಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉಗುರಪ್ಪನೊಬ್ಬನಿಗೆ ತಟ್ಟಲಾಗಲಿಲ್ಲ, ಸೀಸೆ ಅಂಗೈಗೆ ಅಂಟಿಕೊಂಡಿತ್ತು. ಕಣ್ಣೀರು ಮಾತ್ರ ಧಾರಾಳವಾಗಿ ಸುರಿಯಿತು.

ಸಭೆ ಮುಗಿದ ಮೇಲೆ ಮೇಷ್ಟ್ರು ಅವನನ್ನು ಹತ್ತಿರ ಕರೆದರು. "ಇವತ್ತು ನೀನು ನುಡಿಸ್ತಿದ್ದಾಗ ಒಂದು ಮಾತು ಹೇಳ್ಬೇಕು ಅನ್ನಿಸ್ತು."

ಮೂವತ್ತು ವರ್ಷದಿಂದ ಕಾದ ಮಾತು. ಉಗುರಪ್ಪ ಇನ್ನೂ ಹತ್ತಿರ ಸರಿದ. "ಹೇಳಿ ಮೇಷ್ಟ್ರೇ."

"ಎಂಥಾ ಗಿಟಾರಯ್ಯ ನಿಂದು! ನನ್ನವೆಲ್ಲ ಹಂಚಿಬಿಟ್ಟಿದ್ದೀನಿ. ಇದನ್ನೊಂದು ಹತ್ತು ವರ್ಷ ಕೊಟ್ಟಿರ್ತೀಯಾ?"

ಕೈ ಮುಗಿಯೋಣವೆಂದರೆ ಸೀಸೆ ಅಡ್ಡ ಬಂತು. ತಲೆಯಾಡಿಸಿದ. ಗಿಟಾರನ್ನು ತಾನೇ ಹೊತ್ತು ಮೇಷ್ಟ್ರ ಕಾರಿನಲ್ಲಿಟ್ಟು, ಜನ ಮೆಚ್ಚಿ ಅಕ್ಕನಿಗೆ ಕೊಟ್ಟ ಹೂಗುಚ್ಛಗಳನ್ನು ತಬ್ಬಿಕೊಂಡು ಅವಳ ಹಿಂದೆ ಮನೆಗೆ ನಡೆದ.