ಒಪ್ಪಿಗೆಯ ಮೇರೆಗೆ ಸಿಟ್ಟು

ಮನಶ್ಶಾಸ್ತ್ರ ಓದಿದವನು ನಿಯಮದ ಪ್ರಕಾರ ನಡೆಯಲು ಹೊರಟರೆ ಇಂಥದ್ದು ಆಗುತ್ತಲೇ ಇರುತ್ತದೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ನನ್ನ ಪಿಎಚ್.ಡಿ.ಗಾಗಿ ಮೂವತ್ತು ಜನರ ಸಿಟ್ಟು ಅಳೆಯಬೇಕಿತ್ತು. ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ, ಬೇಕಂತಲೇ ಹನ್ನೊಂದಕ್ಕೆ ಹೋಗಿ, ಎಷ್ಟು ಸಿಟ್ಟು ಬಂತೆಂದು ಹತ್ತಕ್ಕೆ ಅಂಕ ಕೇಳುವುದು. ವಿಶ್ವವಿದ್ಯಾಲಯದ ನೈತಿಕ ಸಮಿತಿ ಷರತ್ತು ಹಾಕಿತ್ತು: ಲಿಖಿತ ಒಪ್ಪಿಗೆ ಬೇಕು, ಉತ್ತರ ಗುಟ್ಟಾಗಿರಬೇಕು, ಕೊನೆಗೆ ನಿಜ ಹೇಳಿ ಕ್ಷಮೆ ಕೇಳಬೇಕು. ಒಂದು ತಪ್ಪಿದರೂ ನಾಲ್ಕು ವರ್ಷದ ಪ್ರಬಂಧ ರದ್ದು.

೧. ಒಪ್ಪಿಗೆ

ಮೊದಲು ಊರಿನ ಯಜಮಾನರಿಗೆ ಒಪ್ಪಿಗೆ ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿ, ಸರ್ವೆ ನಂಬರು ಎಲ್ಲಿ ಎಂದರು. ಇದು ಜಮೀನಿನ ಪತ್ರವಲ್ಲ, ಮನಸ್ಸಿನದು ಎಂದೆ.

"ಮನಸ್ಸಿಂದೇ ಆಗ್ಲಿ, ಚಕ್ಕುಬಂದಿ ಬರೀಬೇಕಲ್ಲಪ್ಪ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು?"

ಪೂರ್ವಕ್ಕೆ ತಮ್ಮ, ಪಶ್ಚಿಮಕ್ಕೆ ಹೆಂಡತಿ ಎಂದು ಬರೆದ ಮೇಲೆ, ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಹಾಕಿದರು. ಇಷ್ಟು ಸ್ಪಷ್ಟವಾದ ಒಪ್ಪಿಗೆ ಪತ್ರವನ್ನು ತಾನು ನೋಡಿರಲಿಲ್ಲವೆಂದು ಸಮಿತಿ ಮೆಚ್ಚಿತು.

೨. ಗುಟ್ಟು

ಒಬ್ಬ ಸೊಸೆಯನ್ನು, ಮನೆಯಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಕೇಳಬೇಕಿತ್ತು. ಪಕ್ಕದಲ್ಲೇ ಅತ್ತೆ ಕೂತಿದ್ದರು. ಬೇರೆಯವರು ಕೇಳಿಸಿಕೊಳ್ಳುವಂತಿಲ್ಲ ಎಂದು ನಿಯಮ ವಿವರಿಸಿದೆ. ಅತ್ತೆ ಬೇಸರಿಸದೆ ಎದ್ದು ಪಕ್ಕದ ರೇಷ್ಮೆಹುಳದ ಮನೆಗೆ ಹೋಗಿ ಸೊಪ್ಪು ಹಾಕತೊಡಗಿದರು. ನಾನು ಪಿಸುದನಿಯಲ್ಲಿ ಪ್ರಶ್ನೆ ಕೇಳಿದೆ. ಸೊಸೆ ತಲೆ ತಗ್ಗಿಸಿದಳು. ಹುಳದ ಮನೆಯಿಂದ ದನಿ ಬಂತು.

"ನನ್ ಮೇಲೆ ಅಂತ್ಲೇ ಬರ್ಕೊಳಪ್ಪ. ಅವ್ಳು ಒಸಿ ನಾಚ್ಕೋತಾಳೆ."

೩. ನಿಜ

ಮೂವತ್ತು ಜನರೂ ಒಂಬತ್ತೋ ಹತ್ತೋ ಅಂಕ ಕೊಟ್ಟರು. ಇಷ್ಟು ಸಿಟ್ಟಿನ ಊರು ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಂಡೆ. ಕೊನೆಯ ದಿನ ಎಲ್ಲರನ್ನೂ ಯಜಮಾನರ ಜಗಲಿಗೆ ಕರೆದು, ಬೇಕಂತಲೇ ಕಾಯಿಸಿದೆನೆಂದು ಕ್ಷಮೆ ಕೇಳಿದೆ.

"ಗೊತ್ತು ಕಣಪ್ಪ," ಎಂದರು ಯಜಮಾನರು. "ದಿನಾ ಒಂಬತ್ತರ ಬಸ್ಸಿಗೇ ಬಂದ್ಬುಟ್ಟು ಟೀ ಅಂಗ್ಡೀಲಿ ಗಡಿಯಾರ ನೋಡ್ಕೊಂಡ್ ಕೂತಿರ್ತಿದ್ದೆ. ಊರೆಲ್ಲ ನೋಡೈತೆ."

ಹಾಗಾದರೆ ಸಿಟ್ಟು ಬರಲೇ ಇಲ್ಲವೇ ಎಂದೆ.

"ಬಸ್ಸಿಗೇ ಎರಡು ಗಂಟೆ ಕಾಯೋರು ನಾವು, ಒಂದು ಗಂಟೆಗೆಲ್ಲ ಯಾರಪ್ಪ ಸಿಟ್ಟಾಯ್ತಾರೆ? ಪಾಪ, ಓದೋ ಹುಡ್ಗ, ಒಂಬತ್ತಕ್ಕೆ ಕಮ್ಮಿ ಅಂಕ ಯೋಳ್ಬೇಡ್ರಪ್ಪ ಅಂತ ನಾನೇ ಎಲ್ರಿಗೂ ಯೋಳಿದ್ದೆ."

ನಾಲ್ಕು ವರ್ಷ. ಫೈಲನ್ನು ಜಗಲಿಗೆ ಬಡಿದೆ. ಆಮೇಲೆ ಏನೇನು ಅಂದೆನೋ ನೆನಪಿಲ್ಲ, ಸಮಿತಿ ಮೆಚ್ಚುವಂಥದ್ದಂತೂ ಅಲ್ಲ. ಯಜಮಾನರು ನಾನು ಮುಗಿಸುವವರೆಗೆ ಕಾದರು. ಚೆಲ್ಲಿದ್ದ ಕಾಗದಗಳಲ್ಲಿ ಒಂದು ಖಾಲಿ ಒಪ್ಪಿಗೆ ಪತ್ರ ಆಯ್ದು, ಪೆನ್ನಿನ ಸಮೇತ ನನ್ನ ಮುಂದೆ ಹಿಡಿದರು.

"ಹತ್ತಕ್ಕೆ ಎಷ್ಟು ಅಂತ ಆಮೇಲೆ ಯೋಳೀಯಂತೆ. ಮೊದ್ಲು ಇದ್ಕೆ ಸೈನ್ ಹಾಕು. ಸಾಕ್ಷಿಗೆ ಮೂವತ್ತು ಜನ ಅವ್ರೆ."