ನವಾಬನಿಗೊಂದು ಷೋಕೇಸು

ಬೆಟಗೇರಿಗೆ ಬಂದು 'ಷೋಕೇಸ್ ಇಲಿಯಾಸ' ಎಂದು ಯಾರನ್ನಾದರೂ ಕೇಳಿ ನೋಡಿ, ಕೈಹಿಡಿದು ಕರೆತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇದೆ, ಆದರೆ ಅದಕ್ಕೆ ಆಧಾರವೂ ಇದೆ! ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಕಡೆಯೂ ಇಪ್ಪತ್ತೆರಡು ವರ್ಷಗಳಿಂದ ಮದುಮಗಳ ಹಿಂದೆ ಟೆಂಪೋದಲ್ಲಿ ನಾನು ಮಾಡಿದ ಷೋಕೇಸು ಹೋಗುತ್ತಿದೆ. ಮದುಮಗಳು ಅಳುತ್ತಿದ್ದರೂ ನನ್ನ ಷೋಕೇಸು ನಗುತ್ತಿರುತ್ತದೆ! ಇವತ್ತಿನವರೆಗೂ ಅದರ ಬಾಗಿಲು ಕಿರ್ರೆಂದಿಲ್ಲ, ಕಾಲು ಕುಂಟಿಲ್ಲ. ಅಂಥ ನಾನು ಹೋದ ಚಳಿಗಾಲದಲ್ಲಿ ಒಂದು ಶಪಥ ಮಾಡಿದೆ: ಭೂಮಂಡಲದ ಯಾವ ಹಾವಿಗೂ ಇಲ್ಲದಂಥ ಮನೆಯೊಂದನ್ನು ಕಟ್ಟಿಯೇ ಸಿದ್ಧ!

ಹಾವು ನನ್ನ ಮಗಳು ಮಹೆಕಳದು. ಪಶುವೈದ್ಯಕೀಯ ಓದುತ್ತಾಳೆ. ಊರವರ ಹೆಣ್ಣುಮಕ್ಕಳು ಸ್ಕೂಟಿ ಕೇಳಿದರೆ, ನನ್ನ ಮಗಳು ಎರಡು ವರ್ಷದಿಂದ ಹೆಬ್ಬಾವು ಕೇಳುತ್ತಿದ್ದಳು. ಬಾಲ್ ಪೈಥಾನ್ ಅಂತೆ. ಆಫ್ರಿಕಾ ಮೂಲದ್ದು, ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ನಮ್ಮ ನೆಲದ ಹಾವುಗಳನ್ನು ಸಾಕುವಂತಿಲ್ಲ. ಇದನ್ನು ಸರ್ಕಾರಕ್ಕೆ ಬರೆದುಕೊಟ್ಟು ಸಾಕಬಹುದು. ಹುಬ್ಬಳ್ಳಿಯಲ್ಲಿ ಕಾಗದಪತ್ರ ಸಮೇತ ಇಂಥ ಹಾವು ಸಾಕಿರುವ ಪ್ರಮೋದ ಎಂಬವರು ಒಂದನ್ನು ಕೊಡಲು ಒಪ್ಪಿದರು. ಒಂದೇ ಒಂದು ಕರಾರು.

"ತಿಂಗಳ ಬಿಟ್ಟು ಬಂದು ನೋಡತೇನಿ. ತಿನ್ನಾಕ ಹತ್ತಿದ್ರ ಹಾವು ನಿಮ್ಮದು. ತಿನ್ನದಿದ್ರ ನಾ ವಾಪಸ್ ಒಯ್ಯಾಂವ," ಎಂದರು.

ಸುದ್ದಿ ಕೇಳಿ ನನ್ನ ಹೆಂಡತಿ ಗುಲ್ನಾಜ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮನ್ಯಾಗ ಹಾವು ಬಂದ್ರ ಮಂದಿ ಹೊರಗ ಹಾಕ್ತಾರ. ನೀವು ಅದಕ್ಕ ಮನಿ ಕಟ್ಟಾಕ ಹೊಂಟೀರಲ್ರೀ!"

"ಇದು ಅಂಥಿಂಥ ಹಾವಲ್ಲ ಗುಲ್ನಾಜ. ವಿಲಾಯತಿ ಹಾವು!"

"ವಿಲಾಯತಿ ಇದ್ರ ಬ್ರೆಡ್ಡು-ಬೆಣ್ಣಿ ತಿಂತೈತೇನು? ತಿನ್ನೂದು ಇಲೀನ ಹೌದಲ್ರೀ! ಆ ಇಲಿ ನನ್ನ ಫ್ರಿಜ್ಜಿನಾಗ ಬಂತಂದ್ರ ನಾ ತವರಿಗೆ ಹೋಗ್ತೇನಿ."

ತವರೆಂದರೆ ಎರಡು ಓಣಿ ಆಚೆ. ಆದರೂ ಮಾತು ಮಾತೇ. ಹಾವಿಗೆಂದು ಮಹೆಕ ತರುವ, ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿದ ಸತ್ತ ಇಲಿಗಳಿಗಾಗಿ ಅಂಗಡಿಯಲ್ಲೇ ಒಂದು ಹಳೆಯ ಸಣ್ಣ ಫ್ರಿಜ್ಜು ಇಟ್ಟು ಸಂಸಾರ ಉಳಿಸಿಕೊಂಡೆ.

ಮಹೆಕ ನನ್ನ ಕೈಗೆ ಒಂದು ಕಾಗದ ಕೊಟ್ಟಳು. "ಅಬ್ಬಾ, ಇದರಾಗ ಬರದಂಗ ಮಾಡ್ರಿ. ಮೂರೂ ಬಾಜೂ ಮುಚ್ಚಿರಬೇಕು. ಒಳಗ ಇಕ್ಕಟ್ಟಾದ ಎರಡು ಗೂಡು ಬೇಕು. ಒಂದು ಕಡೆ ಬೆಚ್ಚಗ, ಇನ್ನೊಂದು ಕಡೆ ತಂಪು. ಬಾಗಲಕ್ಕ ಗಟ್ಟಿ ಚಿಲಕ."

ಓದಿ ನನಗೆ ನಗು ಬಂತು. "ಬೇಟಾ, ಇದು ಪೆಟ್ಟಿಗಿ ಆತು. ನಿಮ್ಮ ಅಬ್ಬಾ ಪೆಟ್ಟಿಗಿ ಮಾಡೂದಿಲ್ಲ!" ಎಂದು ಕಾಗದವನ್ನು ಮಡಚಿ ಪೆನ್ಸಿಲಿನ ಜೊತೆ ಕಿವಿಯ ಮೇಲೆ ಸಿಕ್ಕಿಸಿಕೊಂಡೆ. ಕಿವಿಯ ಮೇಲೆ ಇಟ್ಟದ್ದು ಕಿವಿಯೊಳಗೆ ಹೋಗಲಿಲ್ಲ.

ಹದಿನೇಳು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮಗಳ ಮದುವೆಗೆ ಷೋಕೇಸು ಹೇಳಿದ್ದ ಮುಂಡರಗಿಯವರೊಬ್ಬರು, "ನಮ್ಮ ಷೋಕೇಸು ಎಲ್ಲೀತನ ಬಂತು?" ಎಂದು ಫೋನು ಮಾಡಿದರು. "ಸದ್ಯ ಹಾವಿನ ಕೆಲಸ ನಡದೈತ್ರಿ," ಎಂದೆ. ಅವರು ಮತ್ತೆ ಫೋನು ಮಾಡಲಿಲ್ಲ. ಐದಡಿ ಉದ್ದದ ಸಾಗವಾನಿ ಚೌಕಟ್ಟು, ಮೂರು ಬದಿಗೆ ಗಾಜು, ನೆತ್ತಿಯ ಮೇಲೆ ಕಮಾನು, ಕಮಾನಿನ ಮೇಲೆ ಎದುರುಬದುರಾಗಿ ಎರಡು ನವಿಲು. ಹಾವಿನ ಮನೆಯ ಮೇಲೆ ನವಿಲು ಕೆತ್ತಬಾರದಿತ್ತೆಂದು ಆಮೇಲೆ ಹೊಳೆಯಿತು, ಇರಲಿ! ಹಿಂಬದಿಗೆ ಬೆಲ್ಜಿಯಂ ಕನ್ನಡಿ. ಷೋಕೇಸು ಅಂದಮೇಲೆ ಹಿಂದೆ ಕನ್ನಡಿ ಇರಲೇಬೇಕು. ಆರು ಕಪ್ಪು-ಬಸಿ ಇಟ್ಟರೆ ಹನ್ನೆರಡು ಕಾಣಬೇಕು. ನೆಲಕ್ಕೆ ಕೆಂಪು ಮಖಮಲ್ಲು. ಸುತ್ತಲೂ ಮಿಣಮಿಣ ಸೀರಿಯಲ್ ಲೈಟು.

ಪ್ರಮೋದ ಹಾವನ್ನು ಕೊಟ್ಟುಹೋದ ದಿನ ಓಣಿಗೆ ಓಣಿಯೇ ನಮ್ಮ ಪಡಸಾಲೆಯಲ್ಲಿತ್ತು. ಅವರು ಕೊಟ್ಟ ಕಾಗದಪತ್ರದಲ್ಲಿ 'ಗಂಡು' ಎಂದು ಬರೆದಿದ್ದರಿಂದ ನಾನು 'ನವಾಬ' ಎಂದು ಹೆಸರಿಟ್ಟೆ. ನವಾಬ ಬಟ್ಟೆಯ ಚೀಲದಿಂದ ಷೋಕೇಸಿನೊಳಗೆ ಬಂದ. ಬಲಕ್ಕೆ ನೋಡಿದ, ಜನ. ಎಡಕ್ಕೆ ನೋಡಿದ, ಜನ. ಹಿಂದೆ ತಿರುಗಿದ, ಕನ್ನಡಿಯಲ್ಲಿ ಅದೇ ಜನ ಮತ್ತು ಇನ್ನೊಂದು ಹಾವು! ತಲೆಯನ್ನು ಒಳಗೆ ಎಳೆದುಕೊಂಡು ಗುಂಡಗೆ ಸುತ್ತಿಕೊಂಡು ಕೂತುಬಿಟ್ಟ.

ಪಕ್ಕದ ಮನೆಯ ನೇಕಾರ ಯಂಕಪ್ಪ ಗಾಜಿಗೆ ಮೂಗು ಹಚ್ಚಿದ. "ಇಲಿಯಾಸಣ್ಣ, ಹಾವು ಎಲ್ಲೈತಿ? ಸೈಕಲ್ ಟ್ಯೂಬು ಸುತ್ತಿಟ್ಟಂಗ ಕಾಣತೈತಿ."

"ದಣದೈತಿ. ಆರಾಮ ತಗೊಳ್ಳಾಕತ್ತೈತಿ," ಎಂದೆ.

ನವಾಬ ಹದಿನಾಲ್ಕು ದಿನ ಆರಾಮ ತೆಗೆದುಕೊಂಡ. ಅವನ ಬಾಯಿಗೆ ಒಂದು ತುತ್ತೂ ಹೋಗಲಿಲ್ಲ. ಅವನನ್ನು ನೋಡಬಂದವರ ಹೊಟ್ಟೆಗೆ ಮಾತ್ರ ಚಹದ ಮೂಲಕ ಐದು ಕಿಲೋ ಸಕ್ಕರೆ ಹೋಯಿತು. ಗುಲ್ನಾಜ ಕೊನೆಗೆ ಚಹದ ಪಾತ್ರೆಯನ್ನೇ ಅಡಗಿಸಿಟ್ಟಳು. ಬೆಳಕು ಸಾಲದಿರಬೇಕೆಂದು ನಾನು ಇನ್ನೊಂದು ಸೀರಿಯಲ್ ಲೈಟು ಹಾಕಿದೆ.

"ಅಬ್ಬಾ, ಅದಕ್ಕ ಹೆದರಿಕಿ ಆಗೈತ್ರಿ," ಎಂದಳು ಮಹೆಕ.

"ನನ್ನ ಷೋಕೇಸಿಗೆ ಹೆದರೂದಾ? ಮಂದಿ ಅದರ ಮುಂದ ನಿಂತು ಫೋಟೋ ತಗಸ್ಕೋತಾರ!"

ಅವಳು ದಿನವೂ ಕಾಲೇಜಿನಿಂದ ಬಂದವಳೇ ಇಲಿಯನ್ನು ಬೆಚ್ಚಗೆ ಮಾಡಿ, ಉದ್ದನೆಯ ಚಿಮಟಿಯಲ್ಲಿ ಹಿಡಿದು, ಹಾವಿನ ಮುಂದೆ ಅರ್ಧ ತಾಸು ಕೂರುವಳು. ಆಮೇಲೆ ತಾನೂ ಅರ್ಧ ರೊಟ್ಟಿ ತಿಂದು ಏಳುವಳು. ಮಗಳು ಎರಡು ವರ್ಷ ಕಾದು ಪಡೆದದ್ದು ನನ್ನ ಕೈಕೆಲಸದಿಂದ ಕೈತಪ್ಪಬಹುದು ಎಂಬ ಯೋಚನೆ ನನಗೆ ಬರುತ್ತಿತ್ತು. ಬಂದ ಕೂಡಲೇ ಅದನ್ನು ಓಡಿಸಿ ಗಾಜು ಒರೆಸುತ್ತಿದ್ದೆ.

ಹದಿನೈದನೆಯ ದಿನ ಬೆಳಗಿನ ನಮಾಜು ಮುಗಿಸಿ ಬಂದು ನೋಡುತ್ತೇನೆ, ಷೋಕೇಸಿನ ಗಾಜು ಒಂದು ಗೇಣು ಸರಿದಿದೆ. ಮಖಮಲ್ಲಿನ ಮೇಲೆ ಯಾರೂ ಇಲ್ಲ. ಕನ್ನಡಿಯಲ್ಲಿಯೂ ಇಲ್ಲ!

"ಚಿಲಕ ಹಾಕಿದ್ದಿಲ್ಲೇನ್ರಿ?" ಎಂದಳು ಗುಲ್ನಾಜ.

"ಷೋಕೇಸಿಗೆ ಯಾರಾರ ಚಿಲಕ ಹಚ್ಚತಾರೇನು? ಕಪ್ಪು-ಬಸಿ ಎದ್ದು ಓಡಿ ಹೋಗತಾವೇನು?"

"ಕಪ್ಪು-ಬಸಿ ಹೋಗೂದಿಲ್ಲ. ಹಾವು ಹೋಗತೈತಿ!"

ಮಂಚದ ಕೆಳಗೆ ನೋಡಿದೆವು. ಅಂಗಡಿಯ ಹೊಟ್ಟಿನ ರಾಶಿಯನ್ನು ಕೆದರಿದೆವು. ಲಟ್ಟಣಿಗೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಗುಲ್ನಾಜ, ನನ್ನನ್ನೂ ಒಳಗೆ ಬಿಡಲಿಲ್ಲ. ಯಂಕಪ್ಪ ಮಾತ್ರ ತನ್ನ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮಾಳಿಗೆ ಹತ್ತಿ, ಅಲ್ಲಿಂದಲೇ ನನಗೆ ಧೈರ್ಯ ಹೇಳುತ್ತಿದ್ದ.

ಈ ಗದ್ದಲಕ್ಕೆಲ್ಲ ಕಿವಿಗೊಡದೆ ಇದ್ದವಳು ನಮ್ಮ ಅಮ್ಮ ಗೌಸಬಿ ಒಬ್ಬಳೇ. ಎಪ್ಪತ್ತೆಂಟು ವರ್ಷ. ಒಂದು ಕಾಲಕ್ಕೆ ಬೆಟಗೇರಿಯ ಅರ್ಧ ಮಂದಿ ಅವಳ ಕೈಯಲ್ಲೇ ಭೂಮಿಗೆ ಬಂದವರು. ಹಿತ್ತಲಿಗೆ ತಾಗಿದ ಅವಳ ಕೋಣೆಯಲ್ಲಿ ಎಷ್ಟೋ ಬಾಣಂತಿಯರು ಮಲಗಿ ಎದ್ದಿದ್ದಾರೆ. ದಪ್ಪ ಗೋಡೆ, ಒಂದೇ ಸಣ್ಣ ಕಿಂಡಿ, ಮಧ್ಯಾಹ್ನದಲ್ಲೂ ಕತ್ತಲು, ಯಾವಾಗಲೂ ಬೆಚ್ಚಗೆ. ಆ ಕೋಣೆಯ ಬಾಗಿಲಲ್ಲಿ ನಿಂತು ಅವಳು, "ಒದರಬ್ಯಾಡ್ರಿ. ಇಲ್ಲಿ ಐತಿ," ಎಂದಳು.

ಅವಳ ಹಳೆಯ ಕಟ್ಟಿಗೆಯ ಸಂದೂಕದಲ್ಲಿ, ಕೌದಿಗಳ ನಡುವೆ, ನವಾಬ ಮಲಗಿದ್ದ. ಚೆಂಡಿನಂತಲ್ಲ! ನೀಳವಾಗಿ, ತಲೆ ಹೊರಗಿಟ್ಟು, ಸಣ್ಣಗೆ ನಾಲಿಗೆ ಆಡಿಸುತ್ತ ಮಲಗಿದ್ದ.

"ಹೆದರಬ್ಯಾಡಮ್ಮಾ, ಹಿಡೀತೇನಿ!" ಎಂದು ಮುಂದೆ ಹೋದೆ.

"ನಾ ಯಾಕ ಹೆದರ್ಲಿ? ಬರೂ ಜಾಗಕ್ಕ ಬಂದೈತಿ. ನೀವೆಲ್ಲಾ ಹೊರಗ ನಡೀರಿ. ಬೆಳಕ ಬ್ಯಾಡ, ಗದ್ಲ ಬ್ಯಾಡ, ಬಂದವರಿಗೆಲ್ಲ ಮಾರಿ ತೋರ್ಸೂದು ಬ್ಯಾಡ."

ಮಹೆಕ ಸಂದೂಕದೊಳಗೆ ಥರ್ಮಾಮೀಟರು ಇಟ್ಟು ನೋಡಿ ಕುಣಿದಾಡಿದಳು. "ಅಬ್ಬಾ! ದಾದೀ ಸಂದೂಕ ಆ ಕಾಗದದಾಗ ಬರದಂಗ ಐತ್ರಿ!"

ನಾನು ಸೋತೆನೇ? ಇಲ್ಲ! ಸೋತವನು ಸುಮ್ಮನಿರುತ್ತಾನೆ, ನಾನು ಬೈರಿಗೆ ತಂದೆ. ಗಾಳಿಗೆ ತೂತು ಕೊರೆದೆ, ಮುಂದುಗಡೆ ಸಣ್ಣ ಗಾಜು ಕೂರಿಸಿ ಅದಕ್ಕೊಂದು ಪರದೆ ಬಿಟ್ಟೆ, ಒಂದಲ್ಲ ಎರಡು ಚಿಲಕ ಹಚ್ಚಿದೆ. ಮಹೆಕ ಒಂದು ಕಡೆ ಕರೆಂಟಿನ ಬಿಸಿಯ ಪಟ್ಟಿ ಹಾಸಿದಳು. ಅಮ್ಮ ಬಾಯಿ ಒಡೆದ ಎರಡು ಗಡಿಗೆಗಳನ್ನು ಬೋರಲು ಹಾಕಿ ಗೂಡು ಮಾಡಿದಳು. ಈ ಸಂದೂಕಕ್ಕೆ 'ಇಲಿಯಾಸ ಮಾಡೆಲ್' ಎಂದು ನಾನೇ ನಾಮಕರಣ ಮಾಡಿ ಓಣಿಯಲ್ಲೆಲ್ಲ ಹೇಳಿಬಂದೆ. ತೋರಿಸೋಣವೆಂದರೆ ಕೋಣೆಯ ಬಾಗಿಲಲ್ಲಿ ಕೋಲು ಹಿಡಿದು ಅಮ್ಮ ಕೂತಿದ್ದಳು. ಯಂಕಪ್ಪನ ಮೊಣಕಾಲಿಗೆ ಒಂದು ಪೆಟ್ಟೂ ಬಿತ್ತು.

ನವಾಬ ಸಂದೂಕದಲ್ಲಿ ಸುಖವಾಗಿದ್ದ. ಬಿಸಿಯ ಪಟ್ಟಿಯ ಮೇಲೆ ಹೊಟ್ಟೆ ಮೇಲಾಗಿ ಅಂಗಾತ ಮಲಗುತ್ತಿದ್ದ. "ನೋಡು ಬೇಟಾ, ಹಾವು ಅಂಗಾತ ಮಲಗೂವಷ್ಟು ಆರಾಮದ ಮನಿ ಕಟ್ಟೇನಿ!" ಎಂದು ಬೀಗಿದೆ. ಆದರೆ ಇಲಿಯನ್ನು ಮಾತ್ರ ಮೂಸಿಯೂ ನೋಡಲಿಲ್ಲ. ಇಪ್ಪತ್ತು ದಿನವಾಯಿತು. ಇಪ್ಪತ್ತೈದಾಯಿತು. ಮೂವತ್ತನೆಯ ದಿನ ಪ್ರಮೋದ ಬಂದೇಬಿಟ್ಟರು.

ಮಹೆಕ ಮೊದಲೇ ಆ ಬಟ್ಟೆಯ ಚೀಲವನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಇಟ್ಟಿದ್ದಳು.

ಪ್ರಮೋದ ಪರದೆ ಸರಿಸಿದರು, ಚಿಲಕ ಅಲ್ಲಾಡಿಸಿದರು, ಬಿಸಿ-ತಂಪು ಪರೀಕ್ಷೆ ಮಾಡಿದರು. "ಚಾಚಾ, ಎಷ್ಟೋ ಮನಿ ನೋಡೇನಿ. ಹಾವಿಗೆ ಇಷ್ಟು ಛಲೋ ಮನಿ ಯಾರೂ ಮಾಡಿದ್ದಿಲ್ಲ ಬಿಡ್ರಿ!" ಎಂದರು.

"ಅನುಭವ!" ಎಂದು ನಾನು ಕಾಲರು ಸರಿಮಾಡಿಕೊಂಡೆ.

"ತಿನ್ನಾಕ ಹತ್ತೈತೇನು?"

"ಒಂದು ತುತ್ತೂ ತಿಂದಿಲ್ರಿ," ಎಂದಳು ಮಹೆಕ, ನೆಲ ನೋಡುತ್ತ.

ಪ್ರಮೋದ ಹುಬ್ಬು ಗಂಟು ಹಾಕಿದರು. "ಮನಿ ಇಷ್ಟು ಬರೋಬ್ಬರಿ ಐತಿ. ಮತ್ತ ಯಾಕ ತಿನ್ನವಲ್ದು?"

"ನನಗನಸೂದು, ಅಜೀರ್ಣ ಆಗಿರಬೇಕು," ಎಂದೆ ನಾನು, ಬಲ್ಲವನಂತೆ.

ಅವರು ನಿಧಾನವಾಗಿ ಗಡಿಗೆ ಎತ್ತಿದರು. ಎತ್ತಿದವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನವಾಬ ಸುತ್ತಿಕೊಂಡಿದ್ದ, ಆದರೆ ಈ ಸಲ ಹೆದರಿಕೆಯಿಂದಲ್ಲ. ಸುರುಳಿಯ ನಡುವೆ ಆರು ಬಿಳಿ ತತ್ತಿ!

ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಎಂಬ ಗಾದೆಯನ್ನು ಇಷ್ಟು ದಿನ ಕೇಳಿದ್ದೆ. ಈಗ ಕಣ್ಣಾರೆ ಕಂಡೆ.

"ಗಂಡು ಅಂತ ನಾನ ಬರದು ಕೊಟ್ಟೇನಲ್ರಿ!" ಎಂದು ಪ್ರಮೋದ ಹಣೆ ಬಡಿದುಕೊಂಡರು. "ನಮ್ಮಲ್ಲೇ ಬಸುರಾಗಿ ಬಂದೈತಿ. ಬಸುರಿದ್ದಾಗ ಇವು ತಿನ್ನೂದಿಲ್ಲ. ಈಗ ತತ್ತಿ ಬಿಟ್ಟು ಏಳೂದೂ ಇಲ್ಲ. ನಾ ಹೆಂಗ ಒಯ್ಯಲಿ? ಹಾವು ನಿಮ್ಮದಾತು ಬಿಡ್ರಿ."

ಮಹೆಕ ಚೀಲವನ್ನು ಮೇಲಕ್ಕೆ ಹಾರಿಸಿ ನನ್ನನ್ನು ಅಪ್ಪಿಕೊಂಡಳು. ನನ್ನ ಎದೆ ಉಬ್ಬಿತು ನೋಡಿ! ಆಫ್ರಿಕಾದ ನವಾಬ, ಅಲ್ಲಲ್ಲ, ಬೇಗಂ, ಹೆರಿಗೆಗೆ ಆರಿಸಿಕೊಂಡದ್ದು ಇಲಿಯಾಸನ ಮನೆಯನ್ನು! ಯಂಕಪ್ಪನಿಗೆ ಹೇಳಿಬರಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಮ್ಮ ಮಾತ್ರ ತಣ್ಣಗೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ನನಗೆ ಅನುಮಾನ ಬಂತು.

"ಅಮ್ಮಾ, ನಿನಗ ಮೊದಲ ಗೊತ್ತಿತ್ತೇನು?"

"ಸಂದೂಕದಾಗ ಬಂದು ಮಲಗಿದ ದಿನ ಗೊತ್ತಾತು. ಹೊಟ್ಟಿ ನೋಡಿದ್ರ ತಿಳೀತೈತಿ."

"ಮತ್ತ ಹೇಳಬಾರದಾ? ಹದಿನೈದು ದಿನ ನಾವಿಲ್ಲಿ ಒದ್ದಾಡಿದ್ವಿ!"

"ನಿನಗೇನ್ ಹೇಳ್ಲೋ?" ಅಮ್ಮ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. "ಮಹೆಕ ಹೊಟ್ಟ್ಯಾಗ ಇದ್ದಾಗ ಗುಲ್ನಾಜ ಎರಡು ತಿಂಗಳು ಒಂದು ತುತ್ತು ಸರಿ ಉಣ್ಣಲಿಲ್ಲ. ಆವಾಗ ಬಸುರಿ ಅದಾಳ ಅಂತ ನಾ ಹೇಳಿದ್ದೆ. ನೀ ಕೇಳಿದ್ದೇನು? ಗ್ಯಾಸ್ ಆಗೈತಿ, ನನಗ ಗೊತ್ತೈತಿ ಅಂತ ಮ್ಯಾಲಿಂದ ಮ್ಯಾಲ ಸೋಡಾ ಹೊತ್ಕೊಂಡು ಬಂದಿ."

"ಹದಿನಾಲ್ಕು ಬಾಟ್ಲಿ ಕುಡಿಸಿದ್ರಮ್ಮಾ," ಎಂದಳು ಗುಲ್ನಾಜ ಅಡುಗೆಮನೆಯಿಂದ.

ಪ್ರಮೋದ ಗೋಡೆಯ ಕಡೆ ತಿರುಗಿ ಕೆಮ್ಮಿದರು. ಮಹೆಕ ನನ್ನ ಹೆಗಲ ಮೇಲಿಂದ ಕೈ ತೆಗೆದು, ಸೊಂಟಕ್ಕೆ ಕೈಯಿಟ್ಟು, ನನ್ನನ್ನೇ ನೆಟ್ಟಗೆ ನೋಡಿದಳು.

"ಅಬ್ಬಾ, ಹಂಗಾರ ಮೊದಲ ಎರಡು ತಿಂಗಳು ನಾ ಗ್ಯಾಸ್ ಇದ್ನೇನ್ರಿ?"