ತಂಗಿಗೊಂದು ಮೂರು ತಿಂಗಳ ಪಾಸು

ನನ್ನದು ದೃಢ ನಿರ್ಧಾರದ ಸ್ವಭಾವ. ಆದರೆ ಅದು ಬೇರೆಯವರ ವಿಷಯದಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನದೇ ವಿಷಯ ಬಂದರೆ, ಬೆಳಿಗ್ಗೆ ಹೆಂಡತಿ ಲೀಲಾ ‘ಅವಲಕ್ಕಿಯೋ ಉಪ್ಪಿಟ್ಟೋ’ ಎಂದು ಕೇಳಿದರೂ ‘ಯಾವುದಾದರೂ ಆದೀತು’ ಎನ್ನುವ ಮನುಷ್ಯ ನಾನು. ಅಂಗಡಿಯವನು ಶರ್ಟಿನ ಬಣ್ಣ ಕೇಳಿದರೂ ಅದೇ ಉತ್ತರ. ಹೆಣ್ಣು ನೋಡಿ ಬಂದ ದಿನವೂ ಹಾಗೇ ಹೇಳಿದ್ದೆನಂತೆ. ಅದನ್ನು ಲೀಲಾ ಇವತ್ತಿಗೂ ಮರೆತಿಲ್ಲ. ಹೀಗೆ ವರ್ಷಗಟ್ಟಲೆ ಖರ್ಚಾಗದೆ ಉಳಿದಿದ್ದ ನನ್ನ ದೃಢತೆಯೆಲ್ಲ ಒಟ್ಟಾಗಿ ಬಂದು ಬಿದ್ದದ್ದು ನನ್ನ ತಂಗಿ ಸುಮತಿಯ ಮೇಲೆ.

ಎಂಬತ್ತರ ದಶಕ ಈಗಷ್ಟೇ ಶುರುವಾಗಿದೆ. ಅಪ್ಪ ತೀರಿಕೊಂಡ ಮೇಲೆ ಉಡುಪಿ ಕಡೆಯ ನಮ್ಮ ಊರಿನಿಂದ ಅವಳನ್ನು ಕರೆದುಕೊಂಡು ಬಂದು ಮುಂಬಯಿಯಲ್ಲಿ ನರ್ಸಿಂಗಿಗೆ ಸೇರಿಸಿದವನು ನಾನು. ಮೂರೂವರೆ ವರ್ಷ ಹಾಸ್ಟೆಲಿನಲ್ಲಿದ್ದು, ಪಾಸಾಗಿ, ಅವಳು ಡೊಂಬಿವಲಿಯ ನಮ್ಮ ಎರಡು ಕೋಣೆಯ ಬ್ಲಾಕಿಗೆ ಬಂದಳು. ವಾರದೊಳಗೆ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಿಂದ ನೇಮಕದ ಕಾಗದವೂ ಬಂತು. ಹದಿನೈದು ದಿನದೊಳಗೆ ಸೇರುತ್ತೀರೋ ಇಲ್ಲವೋ ತಿಳಿಸಿ, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದು ಅದರಲ್ಲಿತ್ತು. ಸುಮತಿ ಕಾಗದ ಓದಿ, ಮಡಚಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಸೊಪ್ಪು ಬಿಡಿಸಲು ಕೂತಳು. ನಾನು ಆ ಕಾಗದವನ್ನು ಕಿಸೆಗೆ ಹಾಕಿಕೊಂಡು ಲೋಕಲ್ ಹತ್ತಿದೆ.

ಡೊಂಬಿವಲಿಯವರಿಗೆ ದಿಕ್ಕುಗಳು ನಾಲ್ಕಿಲ್ಲ, ಒಂದೇ. ಅದು ಮುಂಬಯಿ ಕಡೆ. ಗಾಡಿ ಹೊರಡುವ ಕಲ್ಯಾಣ ಎಂಬ ಊರನ್ನು ದೇವರು ಸೃಷ್ಟಿಸಿದ್ದು ಬೆಳಿಗ್ಗೆ ನಮ್ಮಲ್ಲಿ ಒಬ್ಬಿಬ್ಬರು ಉಲ್ಟಾ ಹೋಗಿ ಎಲ್ಲರಿಗೂ ಸೀಟು ಹಿಡಿದುಕೊಂಡು ಬರಲಿಕ್ಕೆ ಎಂದು ನಮ್ಮ ಗಟ್ಟಿ ನಂಬಿಕೆ. ಹಾಗೆ ಹಿಡಿದ ಸೀಟಿನಲ್ಲಿ ನಮ್ಮದೊಂದು ಗ್ರೂಪು. ಕಿಟಕಿಯ ಪಕ್ಕ ಬ್ಯಾಂಕಿನಲ್ಲಿರುವ ಧಾರವಾಡದ ದೇಶಪಾಂಡೆಯವರು, ಅವರ ಎದುರಿಗೆ ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಕ್ಯಾಂಟೀನ್ ನಡೆಸುವ ಶೆಟ್ಟರು. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿ ಕೂರುವವನು ನಾನು. ಗ್ರೂಪಿನಲ್ಲಿ ಕೇಳದೆ ನಾವು ಯಾರೂ ಫ್ಯಾನು ಕೂಡ ಕೊಂಡವರಲ್ಲ. ಅಂಥದರಲ್ಲಿ ತಂಗಿಯ ಭವಿಷ್ಯ!

ಕಾಗದ ಕೈಯಿಂದ ಕೈಗೆ ದಾಟಿತು. “ಎಂತ ಮಾರಾಯ್ರೆ, ಇಷ್ಟು ಕಲಿತ ಹುಡುಗಿಯನ್ನು ಇಲ್ಲೇ ಇಟ್ಟುಕೊಳ್ಳುವುದಾ? ಗಲ್ಫಿಗೆ ಕಳಿಸಿ. ನಮ್ಮ ಪಕ್ಕದ ಮನೆಯ ಹುಡುಗಿ ಹೋಗಿ ಊರಲ್ಲಿ ಟೆರೇಸ್ ಮನೆ ಕಟ್ಟಿಸಿದ್ದಾಳೆ,” ಎಂದರು ಶೆಟ್ಟರು. ದೇಶಪಾಂಡೆಯವರಿಗೆ ಸಿಟ್ಟು ಬಂತು. “ಅಲ್ರೀ, ಗಲ್ಫ್ ಯಾಕ್ರೀ? ಮಿಲಿಟರಿ ನರ್ಸ್ ಮಾಡ್ರಿ. ಹೆಗಲ ಮ್ಯಾಲೆ ಸ್ಟಾರ್ ಬರ್ತಾವ. ಮಂದಿ ಸಲಾಮ್ ಹೊಡೀತಾರ!” ದಿವಾ ಸ್ಟೇಷನ್ ಬರುವಷ್ಟರಲ್ಲಿ ಸುಮತಿ ಗಡಿಯಲ್ಲಿದ್ದಳು. ಅಷ್ಟರಲ್ಲಿ ನಿಂತಿದ್ದವರೊಬ್ಬರು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಮಿಕಲ್ ಫ್ಯಾಕ್ಟರಿಗಳಲ್ಲಿ ಫಸ್ಟ್ ಏಡ್ ರೂಮಿಗೆ ನರ್ಸ್ ಬೇಕಿರುತ್ತಾರೆ, ಮನೆಯಿಂದ ನಡೆದೇ ಹೋಗಬಹುದು ಎಂದರು. ನಡೆದು ಹೋಗುವ ನೌಕರಿ ಎಂದರೆ ನಮ್ಮ ಗ್ರೂಪಿನಲ್ಲಿ ಅದೊಂದು ನೌಕರಿಯೇ ಅಲ್ಲ. ಪಾರಸಿಕ್ ಸುರಂಗದಲ್ಲಿ ಗಾಡಿಯ ಗದ್ದಲಕ್ಕೆ ಯಾರ ಮಾತೂ ಕೇಳದೆ ಸಭೆಗೆ ವಿರಾಮ. ಠಾಣೆಯಲ್ಲಿ ಅವಳು ಇನ್ನೂ ಓದಿ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವ ಟ್ಯೂಟರ್ ಆದಳು, ಘಾಟ್ಕೋಪರಿನಲ್ಲಿ ಡಾಕ್ಟರರ ನರ್ಸಿಂಗ್ ಹೋಮ್ ನೋಡಿಕೊಂಡಳು. ಕೊನೆಗೆ ದಾದರಿನಲ್ಲಿ ಸರ್ವಾನುಮತದ ತೀರ್ಮಾನ ಹೊರಬಿತ್ತು: ದೊಡ್ಡ ಆಸ್ಪತ್ರೆಯನ್ನೇ ಹಿಡಿಯಬೇಕು. ಇಂದು ಸ್ಟಾಫ್ ನರ್ಸ್, ನಾಳೆ ಸಿಸ್ಟರ್ ಇನ್‌ಚಾರ್ಜ್, ಮುಂದೆ ಮೇಟ್ರನ್. ‘ಮೇಟ್ರನ್ನರ ಅಣ್ಣ’ ಎಂಬ ಮಾತು ನನ್ನ ಕಿವಿಗೆ ಎಷ್ಟು ಹಿತವಾಯಿತೆಂದರೆ, ಸಂಜೆ ಡೊಂಬಿವಲಿಯಲ್ಲಿ ಇಳಿದವನೇ ನೇರ ರೈಲು ಪಾಸಿನ ಕ್ಯೂನಲ್ಲಿ ನಿಂತೆ.

ಹೌದು, ತಂಗಿಯನ್ನು ಒಂದು ಮಾತೂ ಕೇಳದೆ ಅವಳಿಗೆ ಡೊಂಬಿವಲಿಯಿಂದ ಮುಂಬಯಿಯ ಕೊನೆಯ ಸ್ಟೇಷನ್ ವಿ.ಟಿ.ಗೆ ಮೂರು ತಿಂಗಳ ಪಾಸು ತೆಗೆಸಿದೆ. ಗುರುತಿನ ಚೀಟಿಗೆ ಅವಳ ಟ್ರಂಕಿನಲ್ಲಿದ್ದ ಫೋಟೋ ಯಾವುದಕ್ಕೂ ಇರಲಿ ಎಂದು ಬೆಳಿಗ್ಗೆಯೇ ಎಗರಿಸಿದ್ದೆ. ಎಲ್ಲದಕ್ಕೂ ‘ಯಾವುದಾದರೂ ಆದೀತು’ ಎನ್ನುವವನಿಗೆ ಅವತ್ತು ಅದೆಲ್ಲಿಯ ಶೂರತ್ವ ಬಂತೋ. ಮನೆಗೆ ಬಂದು ಪಾಸನ್ನು ದೇವರ ಪಟದ ಮುಂದೆ ಇಟ್ಟು, “ಸುಮತೀ, ದೇವರಿಗೆ ಕೈ ಮುಗಿ,” ಎಂದೆ.

ಅವಳು ಪಾಸನ್ನು ತಿರುಗಿಸಿ ನೋಡಿದಳು. “ಅಣ್ಣ, ಇದು ಆ ಕಡೆಯ ಪಾಸು. ನಾನು ಹೋಗುವುದು ಈ ಕಡೆ.”

“ಈ ಕಡೆ ಎಂದರೆ?”

“ಕಲ್ಯಾಣ ದಾಟಿ ಉಲ್ಹಾಸನಗರ. ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಮನೆಮನೆಗೆ ಹೋಗುವ ನರ್ಸ್ ಬೇಕಂತೆ. ಅರ್ಜಿ ಹಾಕಿ ಆಯ್ತು, ಬಾ ಅಂದಿದ್ದಾರೆ.”

ಕಲ್ಯಾಣದ ಕಡೆಗೂ ಜನ ನೌಕರಿಗೆ ಹೋಗುತ್ತಾರೆ ಎಂಬುದೇ ನನಗೆ ಹೊಸ ಸುದ್ದಿ. ಇಷ್ಟು ಕಲಿತು ಚೀಲ ಹೆಗಲಿಗೆ ಹಾಕಿಕೊಂಡು ಗಲ್ಲಿ ಸುತ್ತುವುದೇ, ಗ್ರೂಪಿನಲ್ಲಿ ನಾನು ಮುಖ ತೋರಿಸುವುದು ಹೇಗೆ ಎಂದೆಲ್ಲ ಕೂಗಾಡಿದೆ. ಅವಳು ದನಿ ಏರಿಸಲಿಲ್ಲ. “ಟ್ರೈನಿಂಗಿನಲ್ಲಿ ನಮ್ಮನ್ನು ಅಲ್ಲಿಗೆ ಹಾಕಿದ್ದರು. ಹಪ್ಪಳ ಮಾಡುವ ಒಬ್ಬಳ ಮಗುವಿನ ತೂಕ ಏರುತ್ತಲೇ ಇರಲಿಲ್ಲ. ಮುಂದಿನ ತಿಂಗಳು ಬಂದು ನೋಡ್ತೇನೆ ಅಂತ ಹೇಳಿ ಬಂದಿದ್ದೆ. ಮತ್ತೆ ಹೋಗ್ಲಿಕ್ಕೇ ಆಗಲಿಲ್ಲ. ವಾರ್ಡಿನಲ್ಲಿ ಡಿಸ್ಚಾರ್ಜ್ ಆದವರು ಆಮೇಲೆ ಎಂತ ಆದರು ಅಂತ ನಮಗೆ ಗೊತ್ತೇ ಆಗುವುದಿಲ್ಲ ಅಣ್ಣ. ನನಗೆ ಗೊತ್ತಾಗಬೇಕು,” ಎಂದಳು. ಒಳಗಿನಿಂದ ಲೀಲಾ, “ಫೋಟೋ ಕದಿಯುವ ಬದಲು ಮೊದಲೇ ಕೇಳಬಹುದಿತ್ತು,” ಎಂದು ಒಗ್ಗರಣೆ ಹಾಕಿದಳು.

ನಾನು ಸೋಲುವವನೇ? ಆ ಜಾಗ ಹೇಗಿದೆಯೆಂದು ನಾನೇ ನೋಡಿ ಬಂದು ಬೇಡವೆಂದು ಸಾಧಿಸುತ್ತೇನೆ ಎಂದು ಹಟ ಹಿಡಿದು ಭಾನುವಾರ ಅವಳ ಜೊತೆ ಹೊರಟೆ. ಉಲ್ಹಾಸನಗರದ ಗಲ್ಲಿಯಲ್ಲಿ ಅಂಗಡಿ, ಹೊಲಿಗೆ ಯಂತ್ರ, ತೆರೆದ ಗಟಾರ ಎಲ್ಲವನ್ನೂ ಒಂದೊಂದಾಗಿ ಮನಸ್ಸಿನಲ್ಲೇ ಬರೆದುಕೊಳ್ಳುತ್ತಾ ನಡೆದೆ. ಒಂದು ಬಾಗಿಲಲ್ಲಿ ಹಪ್ಪಳ ಹರಡುತ್ತಿದ್ದ ಹೆಂಗಸು ತಲೆ ಎತ್ತಿದಳು. “ಅಬ್ ಆಯೀ? ಏಕ್ ಮಹಿನೇ ಕಾ ಬೋಲಾ ಥಾ ನಾ ಸಿಸ್ಟರ್!” ಈಗ ಬಂದೆಯಾ, ಒಂದು ತಿಂಗಳು ಅಂದಿದ್ದೆಯಲ್ಲ ಎಂದು ನನ್ನ ತಂಗಿಯನ್ನು ಬೈಯುತ್ತಲೇ ಒಳಗೆ ಓಡಿ ಮಗುವನ್ನು ಎತ್ತಿಕೊಂಡು ಬಂದಳು.

ಸುಮತಿ ಚೀಲದಿಂದ ಕೊಕ್ಕೆಯ ತಕ್ಕಡಿ ತೆಗೆದು ನನ್ನ ಕೈಗೆ ಕೊಟ್ಟಳು. “ಎತ್ತರಕ್ಕೆ ಹಿಡಿ ಅಣ್ಣ, ಅಲ್ಲಾಡಬೇಡ.” ಬಟ್ಟೆಯ ಜೋಲಿಯಲ್ಲಿ ಮಗು ತೂಗಿತು. ಆ ಹೆಂಗಸು ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಸುಮತಿ ತಾನು ಹಿಂದೆ ತೂಕ ಬರೆದಿಟ್ಟಿದ್ದ ಹಳೆಯ ಚೀಟಿಯೊಂದಿಗೆ ತಾಳೆ ನೋಡಿ, “ಬಢಾ ಹೈ,” ಎಂದಳು. ತೂಕ ಏರಿತ್ತು. ಆ ತಾಯಿ ಅಳುತ್ತಾ ನಗುತ್ತಾ ನನ್ನ ಕೈಗೂ ಒಂದು ಕಟ್ಟು ಹಪ್ಪಳ ತುರುಕಿದಳು. ಮನಸ್ಸಿನಲ್ಲಿ ಬರೆದುಕೊಂಡಿದ್ದ ಪಟ್ಟಿಯನ್ನೆಲ್ಲ ಮರೆತು ಅದನ್ನು ಕಂಕುಳಲ್ಲಿ ಇಟ್ಟುಕೊಂಡೆ. ಹಿಂತಿರುಗುವಾಗ ಕಲ್ಯಾಣದಲ್ಲಿ ಇಳಿದು, ಸುಮತಿ ದೊಡ್ಡ ಆಸ್ಪತ್ರೆಗೆ ಬರೆದು ಇಟ್ಟುಕೊಂಡಿದ್ದ ‘ಸೇರಲಾಗುವುದಿಲ್ಲ’ ಎಂಬ ಕಾಗದವನ್ನು ನನ್ನ ಕೈಯಾರೆ ಟಪಾಲು ಡಬ್ಬಿಗೆ ಹಾಕಿದೆ.

ಗ್ರೂಪಿನಲ್ಲಿ ಎರಡು ದಿನ ಶೋಕಾಚರಣೆ ನಡೆಯಿತು. ಮೂರನೆಯ ದಿನ ಹಪ್ಪಳ ಹಂಚಿದ ಮೇಲೆ ಶೆಟ್ಟರು, “ಕ್ಯಾಂಟೀನಿಗೆ ತರಿಸಬಹುದಾ?” ಎಂದು ವಿಳಾಸ ಕೇಳಿದರು.

ಈಗ ಬೆಳಿಗ್ಗೆ ಅಣ್ಣ ತಂಗಿ ಒಟ್ಟಿಗೇ ಸ್ಟೇಷನ್ನಿಗೆ ಹೋಗುತ್ತೇವೆ. ಸೇತುವೆಯ ಮೇಲೆ ಅವಳು ಒಂದು ಕಡೆ, ನಾನು ಇನ್ನೊಂದು ಕಡೆ. ಅವಳ ಗಾಡಿ ಮುಕ್ಕಾಲು ಖಾಲಿ. ಕಿಟಕಿಯ ಪಕ್ಕ ಕಾಲು ಚಾಚಿ ಕೂರುತ್ತಾಳೆ. ವಿ.ಟಿ.ಯ ಪಾಸು ಮುಗಿಯುವವರೆಗೆ ರಜಾದಿನಗಳಲ್ಲಿ ಅತ್ತಿಗೆಯನ್ನು ಕರೆದುಕೊಂಡು ಮುಂಬಯಿ ಸುತ್ತಿದಳು. ಅತ್ತಿಗೆಯ ಟಿಕೆಟು ಮಾತ್ರ ನನ್ನ ತಲೆಗೆ. ಮೊನ್ನೆ ಸೇತುವೆಯ ಮೇಲೆ ಅವಳ ಖಾಲಿ ಗಾಡಿ ನೋಡಿ ತಡೆಯಲಾರದೆ, “ನಿನ್ನ ಕೇಂದ್ರದಲ್ಲಿ ಗುಮಾಸ್ತರ ಜಾಗ ಏನಾದರೂ ಉಂಟಾ ನೋಡು,” ಎಂದೆ. ಅವಳು ನಿಂತಳು. “ಕೇಳುತ್ತೇನೆ. ಆದರೆ ಅಣ್ಣ, ನಿನಗೆ ಎಂತ ಕೆಲಸ ಇಷ್ಟ?”

ಈ ಪ್ರಶ್ನೆಯನ್ನು ಡೊಂಬಿವಲಿಯಿಂದ ದಾದರಿನವರೆಗೆ ನಾವ್ಯಾರೂ ಅವಳನ್ನು ಕೇಳಿರಲಿಲ್ಲ. ನನ್ನನ್ನಂತೂ ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ತುಂಬಾ ಯೋಚಿಸಿದೆ.

“ಯಾವುದಾದರೂ ಆದೀತು,” ಎಂದೆ. ಅಷ್ಟರಲ್ಲಿ ನನ್ನ ಗಾಡಿ ಬಂತು. ಕಾಲಿಡಲು ಜಾಗ ಹುಡುಕುತ್ತಾ ಮೆಟ್ಟಿಲಿಳಿದು ಓಡಿದೆ.